ಏಜೆಂಟ್ ಮಾವ ವಿಮಾನ ಹತ್ತಿಸಿದ್ದು

ನಮ್ಮ ಮಾವ ತೀರಿಕೊಂಡು ಮೂರು ತಿಂಗಳಾಯಿತು. ಶಿಕಾರಿಪುರದ ಬಸ್ ನಿಲ್ದಾಣದಲ್ಲಿ ಈಗ ಒಬ್ಬರ ಮಾತು ಇನ್ನೊಬ್ಬರಿಗೆ ಕೇಳಿಸುತ್ತದೆ ಎಂದು ಅಲ್ಲಿಯ ಹಣ್ಣಿನ ಅಂಗಡಿಯವರು ಮೊನ್ನೆ ಹೇಳಿದರು. ಅದು ದುಃಖವೋ ಸಮಾಧಾನವೋ ನನಗೆ ತಿಳಿಯಲಿಲ್ಲ. ತೀರಿಕೊಂಡವರ ಬಗ್ಗೆ ಒಳ್ಳೆಯದನ್ನಷ್ಟೇ ಬರೆಯಬೇಕು ಎಂದು ನಿಯಮ ಮಾಡಿಕೊಂಡರೆ ಈ ಬರಹ ಇಲ್ಲಿಗೇ ಮುಗಿದುಹೋಗುತ್ತದೆ. ಆದ್ದರಿಂದ ನಿಯಮವನ್ನು ಬಿಟ್ಟಿದ್ದೇನೆ.

ಮಾವ ಅಂದರೆ ನನ್ನ ಅಮ್ಮನ ತಮ್ಮ. ಮದುವೆಯಾದವರಲ್ಲ. ನಲವತ್ತು ವರ್ಷ ಪ್ರೈವೇಟ್ ಬಸ್ಸುಗಳ ಏಜೆಂಟ್ ಆಗಿದ್ದರು. ಬಾಗಿಲ ಪಕ್ಕ ನಿಂತು ಊರುಗಳ ಹೆಸರು ಕೂಗುವುದು, ಜನರನ್ನು ಹತ್ತಿಸುವುದು, ಟೈಮಾದ ಕೂಡಲೇ ಬಸ್ಸಿನ ಮೈಗೆ ಎರಡು ಸಲ ತಟ್ಟಿ ಕಳಿಸುವುದು, ಇಷ್ಟೇ ಕೆಲಸ. "ಶಿರಾಳಕೊಪ್ಪ, ಸೊರಬ, ಸಾಗರ" ಎಂದು ಅವರು ಕೂಗಿದರೆ ದಾವಣಗೆರೆಗೆ ಹೋಗಬೇಕಾದವರೂ ಸೊರಬದ ಬಸ್ಸು ಹತ್ತುತ್ತಿದ್ದರು. ಹತ್ತದೆ ನಿಂತರೆ ಏನಾಗುತ್ತದೋ ಎಂಬ ಭಯ ಹುಟ್ಟಿಸುವಂಥ ಧ್ವನಿ ಅದು.

ಇಷ್ಟು ಜನರನ್ನು ಊರು ಸೇರಿಸಿದ ಮನುಷ್ಯ ತಾನು ಮಾತ್ರ ಎಲ್ಲಿಗೂ ಹೋಗುತ್ತಿರಲಿಲ್ಲ. "ನಾನು ಹೋದ್ರೆ ಇಲ್ಲಿ ಬಸ್ ಬಿಡೋರು ಯಾರು?" ಎನ್ನುತ್ತಿದ್ದರು. ಸೂರ್ಯನಾದರೂ ರಾತ್ರಿ ರಜೆ ಹಾಕುತ್ತಾನೆ. ಇವರು ಹಾಕುತ್ತಿರಲಿಲ್ಲ. ಅಪರೂಪಕ್ಕೆ ಒಂದು ಮದುವೆಗೆ ಹೋದರೆ ಅಲ್ಲೂ ಅದೇ ಕೆಲಸ. ಊಟದ ಮನೆಯ ಬಾಗಿಲಲ್ಲಿ ನಿಂತು "ಮುಂದೆ ಹೋಗ್ರಿ, ಮುಂದೆ ಜಾಗ ಐತಿ, ಬಾಗ್ಲಲ್ಲಿ ನಿಲ್ಬ್ಯಾಡ್ರಿ" ಎಂದು ಪಂಕ್ತಿ ತುಂಬಿಸುತ್ತಿದ್ದರು. ನನ್ನ ಅಣ್ಣನ ಮದುವೆಯಲ್ಲಿ ಪುರೋಹಿತರು ಮಂತ್ರವನ್ನು ಸ್ವಲ್ಪ ಎಳೆದರು. ಮಾವ ಗಡಿಯಾರ ನೋಡಿ, "ಭಟ್ರೆ, ಟೈಮ್ ಆತು, ಬಿಡ್ರಿ" ಎಂದರು. ಪುರೋಹಿತರು ಏನನ್ನು ಬಿಟ್ಟರೋ ಗೊತ್ತಿಲ್ಲ, ತಾಳಿ ಮಾತ್ರ ಆ ನಿಮಿಷಕ್ಕೇ ಕೊರಳಿಗೆ ಬಿತ್ತು.

ಇದಿಷ್ಟೇ ಆಗಿದ್ದರೆ ನಾವು ಸಹಿಸಿಕೊಳ್ಳುತ್ತಿದ್ದೆವು. ಇದರ ಜೊತೆಗೆ ಅವರಿಗೆ ಕರೆಸಿಕೊಳ್ಳುವುದರ ಹುಚ್ಚು. ಯಾವ ಕಾರ್ಯವೇ ಇರಲಿ, ಮನೆಯವರು ಖುದ್ದಾಗಿ ಬಂದು, ಕೂತು, ನೀರು ಕುಡಿದು, ಎದ್ದು ನಿಂತು, ಇಂಥ ದಿನ, ಇಂಥ ಕಡೆ, ಎರಡು ದಿನ ಮೊದಲೇ ಬರಬೇಕು ಎಂದು ಹೇಳಬೇಕು. ನಮ್ಮ ಕಡೆ ಇದು ಎಲ್ಲರಿಗೂ ಇರುವ ಪದ್ಧತಿಯೇ. ಆದರೆ ಉಳಿದವರು ಕರೆಯದಿದ್ದರೆ ಒಳಗೊಳಗೇ ಬೇಸರ ಮಾಡಿಕೊಂಡು ಊಟಕ್ಕಂತೂ ಹೋಗುತ್ತಾರೆ. ಮಾವ ಹಾಗಲ್ಲ. ಕೂತು ಹೇಳಿದವರಿಗೆ "ನಿಂತು ಹೇಳಪ್ಪ" ಎಂದು ಎರಡನೇ ಸಲ ಹೇಳಿಸಿದವರು.

ಒಂಬತ್ತು ವರ್ಷದ ಹಿಂದೆ ಹೈದರಾಬಾದಿನಲ್ಲಿರುವ ಚಿಕ್ಕಮ್ಮ, ಅಂದರೆ ಮಾವನ ತಂಗಿ, ಹೊಸ ಮನೆ ಕಟ್ಟಿಸಿದಳು. ಗೃಹಪ್ರವೇಶಕ್ಕೆ ಎಲ್ಲರಿಗೂ ಮೊಬೈಲಿನಲ್ಲಿ ಪತ್ರಿಕೆ ಕಳಿಸಿದಳು. ಅಷ್ಟು ದೂರದಿಂದ ಮನೆಮನೆಗೆ ಬರಲು ಅವಳಿಗೂ ಆಗುತ್ತಿರಲಿಲ್ಲ. ಉಳಿದವರೆಲ್ಲ ಕೈಮುಗಿಯುವ ಚಿತ್ರ ಕಳಿಸಿ ಸುಮ್ಮನಾದರು. ಮಾವ ಮಾತ್ರ, "ಕರೆ ಬಂದಿರೋದು ಮೊಬೈಲಿಗೆ. ಮೊಬೈಲೇ ಹೋಗಿ ಉಂಡು ಬರ್ಲಿ" ಎಂದರು. ಬಾಯಿಮಾತಿಗೆ ಹೇಳಿದ್ದರೆ ಸರಿ. ತಮ್ಮ ಹಳೆಯ ಮೊಬೈಲನ್ನು ಹೊಸ ಟವೆಲಿನಲ್ಲಿ ಸುತ್ತಿ, ಹೊರಟಿದ್ದ ನನ್ನ ಅಮ್ಮನ ಕೈಗೆ ಕೊಟ್ಟರು. ಉಡುಗೊರೆ ಇರಬೇಕೆಂದು ಅಮ್ಮ ಭಕ್ತಿಯಿಂದ ತೆಗೆದುಕೊಂಡು ಹೋದಳು.

ಚಿಕ್ಕಮ್ಮನೂ ಅದೇ ಹೊಟ್ಟೆಯಲ್ಲಿ ಹುಟ್ಟಿದವಳಲ್ಲವೇ? ಪಂಕ್ತಿಯಲ್ಲಿ ಮೊಬೈಲಿಗೆ ಒಂದು ಎಲೆ ಹಾಕಿಸಿ, ಕೋಸಂಬರಿಯಿಂದ ಹೋಳಿಗೆಯ ತನಕ ಬಡಿಸಿ, ಫೋಟೋ ತೆಗೆದು ನಮ್ಮೆಲ್ಲರಿಗೂ ಕಳಿಸಿದಳು. ಕೆಳಗೆ "ನಿಮ್ಮ ಮನೆಯವರು ಎರಡು ಸಲ ತುಪ್ಪ ಹಾಕಿಸಿಕೊಂಡರು" ಎಂದು ಬರೆದಿದ್ದಳು. ನಾವೆಲ್ಲ ಬಿದ್ದು ಬಿದ್ದು ನಕ್ಕೆವು. ಅವರಿಬ್ಬರು ನಗಲಿಲ್ಲ. ಅವಳು ಇನ್ನು ಜನ್ಮದಲ್ಲಿ ಕರೆಯುವುದಿಲ್ಲ ಎಂದಳು, ಇವರು ಕರೆಯದೆ ಹೋಗುವುದಿಲ್ಲ ಎಂದರು. ಅಮ್ಮ ತೀರಿಕೊಂಡಾಗಲೂ ಇಬ್ಬರೂ ಒಂದೇ ಮನೆಯಲ್ಲಿ ಹನ್ನೊಂದು ದಿನ ಇದ್ದು, ನನ್ನ ಮೂಲಕವೇ ಮಾತಾಡಿದರು. "ನಿಮ್ಮ ಮಾವನಿಗೆ ಕಾಫಿ ಬೇಕಾ ಕೇಳು." "ನಿಮ್ಮ ಚಿಕ್ಕಮ್ಮನಿಗೆ ಬ್ಯಾಡ ಅಂತ ಹೇಳು." ಅಮ್ಮನ ಶೋಕಕ್ಕಿಂತ ಈ ಟಪಾಲು ಹೊತ್ತೇ ನಾನು ಹೆಚ್ಚು ಸೋತಿದ್ದೆ.

ಹೀಗಿರುವಾಗ ಕಳೆದ ಚಳಿಗಾಲದಲ್ಲಿ ಒಂದು ದಿನ ಮಾವ ಸೊರಬದ ನನ್ನ ಹೊಲಿಗೆ ಅಂಗಡಿಗೆ ಬಂದು, ಬಟ್ಟೆಗಳ ರಾಶಿ ಸರಿಸಿ ಕೂತರು.

"ಹೈದರಾಬಾದಿಗೆ ವಿಮಾನದ ಟಿಕೆಟ್ ತೆಗಿ. ಶನಿವಾರ ಹೋಗಿ ಭಾನುವಾರ ಬರೋದು. ನೀನೂ ಬಾ. ನನಗೆ ಅಲ್ಲಿ ಭಾಷೆ ಬರಲ್ಲ."

"ಚಿಕ್ಕಮ್ಮ ಕರೆದ್ಲಾ ಮಾವ?"

"ಇಲ್ಲ."

ನನ್ನ ಕೈಯಲ್ಲಿದ್ದ ಕತ್ತರಿ ನಿಂತಿತು. ಕಾರಣ ಕೇಳಿದರೆ ಹೇಳಲಿಲ್ಲ. ಅವರ ಅಂಗಿಯ ಜೇಬಿನಲ್ಲಿ ಶಿವಮೊಗ್ಗದ ಆಸ್ಪತ್ರೆಯ ಚೀಟಿಯೊಂದು ಮಡಚಿಕೊಂಡು ಇಣುಕುತ್ತಿತ್ತು. ಅದನ್ನೂ ಕೇಳಿದೆ. "ಬಿಪಿ" ಎಂದು ಬಾಯಿ ಮುಚ್ಚಿಸಿದರು. ಬಸ್ಸಿಗೇ ಹೋಗಬಹುದಲ್ಲ ಎಂದರೆ, "ಎಲ್ಲಾ ಸ್ಟ್ಯಾಂಡಲ್ಲೂ ನನ್ನ ಗುರ್ತು ಇರೋರು ಇದಾರೆ. ಏಜೆಂಟ್ರು ಎಲ್ಲಿಗ್ ಹೊಂಟ್ರಿ ಅಂತಾರೆ. ಕರೀದೇ ಹೊಂಟೀನಿ ಅನ್ಲಾ?" ಎಂದರು.

ನಾನು ಸುಮ್ಮನಿರದೆ ಚಿಕ್ಕಮ್ಮನ ಮಗಳಿಗೆ ಗುಟ್ಟಾಗಿ ಫೋನ್ ಮಾಡಿದೆ. ಅವಳಿಗೆ ಎಂಟು ತಿಂಗಳು, ಬಾಣಂತನ ನಾಗಪುರದಲ್ಲಿ. ಚಿಕ್ಕಪ್ಪ ಆಗಲೇ ಅಲ್ಲಿಗೆ ಹೋಗಿದ್ದರು. ಚಿಕ್ಕಮ್ಮ ಅದೇ ಶನಿವಾರ ಸಂಜೆ ಆರೂವರೆಯ ರೈಲಿಗೆ ಹೊರಡುವವಳು, ಮತ್ತೆ ಬರುವುದು ನಾಲ್ಕು ತಿಂಗಳಿಗೆ. ಮಾವನಿಗೆ ಹೇಳಿದೆ. ಅವರು ಮನಸ್ಸಿನಲ್ಲೇ ಏನೋ ಲೆಕ್ಕ ಹಾಕಿ, "ಹನ್ನೊಂದರ ವಿಮಾನ, ಒಂದು ಗಂಟೆಗೆ ಇಳಿದ್ರೂ ಎರಡು ಗಂಟೆಗೆ ಅವಳ ಮನೆ. ನಾಲ್ಕು ತಾಸು ಸಿಗ್ತತಿ. ಸಾಕು" ಎಂದರು.

"ಬರ್ತಾ ಇದೀವಿ ಅಂತ ಒಂದು ಫೋನ್ ಮಾಡ್ಲಾ?"

"ಬ್ಯಾಡ. ಫೋನ್ ಮಾಡಿದ್ರೆ ಬಾ ಅಂತಾಳೆ. ಅದು ಫೋನಲ್ಲಿ ಕರೆದಂಗೆ ಆಗ್ತತಿ."

ಈ ತರ್ಕಕ್ಕೆ ನಿಮ್ಮಲ್ಲಿ ಯಾರಿಗಾದರೂ ಉತ್ತರ ಹೊಳೆದರೆ ದಯವಿಟ್ಟು ತಿಳಿಸಿ. ನನಗೆ ಇವತ್ತಿಗೂ ಹೊಳೆದಿಲ್ಲ.

ಶನಿವಾರ ಒಂಬತ್ತಕ್ಕೇ ಶಿವಮೊಗ್ಗದ ವಿಮಾನ ನಿಲ್ದಾಣದಲ್ಲಿದ್ದೆವು. ತಪಾಸಣೆಯವರು ಮಾವನ ಜೇಬಿನಿಂದ ಸೀಟಿ ತೆಗೆದು, ಇದೇನು ಎಂದು ಹಿಂದಿಯಲ್ಲಿ ಕೇಳಿದರು. ಮಾವ ಊದಿಯೇ ತೋರಿಸಿದರು. ಇಡೀ ನಿಲ್ದಾಣ ತಿರುಗಿ ನೋಡಿತು. ಒಳಗೆ ಹೋದವರೇ ಕಿಟಕಿಯ ಹತ್ತಿರದ ಎರಡು ಕುರ್ಚಿಗಳ ಮೇಲೆ ಟವೆಲ್ ಹಾಸಿದರು. ಸುತ್ತ ನೂರು ಕುರ್ಚಿ ಖಾಲಿ ಇದ್ದವು.

ಹತ್ತೂವರೆಗೆ ಮೈಕಿನಲ್ಲಿ ಏನೋ ಬಂತು. ವಿಮಾನ ಹನ್ನೆರಡೂಕಾಲಕ್ಕೆ ಎಂದು ಒಬ್ಬರು ಹೇಳಿದರು. ಮಾವ ಎದ್ದು ಕೌಂಟರಿಗೆ ಹೋದರು. ಅಲ್ಲಿದ್ದ ಹುಡುಗಿ ನಮ್ಮ ಕಡೆಯವಳೇ.

"ಯಾಕೆ ತಡ ಅವ್ವಾ?"

"ಟೆಕ್ನಿಕಲ್ ಕಾರಣ ಸರ್."

"ಕಾರಣ ಐತಿ ಅಂತ ನನಗೂ ಗೊತ್ತು. ಏನದು? ಪಂಚರ್ರಾ? ಡ್ರೈವರ್ ತಿಂಡಿಗೆ ಹೋಗ್ಯಾನಾ?"

"ಅಷ್ಟೇ ಹೇಳಕ್ಕೆ ಹೇಳಿದಾರೆ ಸರ್."

"ಹೊರಟೈತಾ ಇಲ್ವಾ, ಅದನ್ನಾದ್ರೂ ಹೇಳು."

ಅವಳು ಎಲ್ಲಿಗೋ ಫೋನ್ ಮಾಡಿ ಕೇಳಿ, ಮೆಲ್ಲಗೆ ಹೇಳಿದಳು. ನಮ್ಮನ್ನು ಕರೆದೊಯ್ಯಬೇಕಾದ ವಿಮಾನ ಬೆಳಿಗ್ಗೆ ಬೇರೆ ಊರಿನಲ್ಲಿ ಮಂಜಿಗೆ ಸಿಕ್ಕಿ, ಇನ್ನೂ ಹೈದರಾಬಾದಿಗೇ ಬಂದಿರಲಿಲ್ಲ. ಮಾವನಿಗೆ ಅಷ್ಟು ಸಾಕಾಯಿತು. ಕುರ್ಚಿಗಳ ನಡುವೆ ಬಂದು ನಿಂತರು. ನನಗೆ ಗೊತ್ತಾಯಿತು, ಇನ್ನು ದೇವರೂ ತಡೆಯಲಾರ.

"ಹೈದರಾಬಾದ್, ಹೈದರಾಬಾದ್, ಹೈದರಾಬಾದಿನೋರು ಇಲ್ಲಿ ಕೇಳ್ರಿ. ಗಾಡಿ ಹಿಂದೆ ಮಂಜಿಗೆ ಸಿಕ್ಕೈತಿ. ಬಂದ ಕೂಡ್ಲೆ ಇಲ್ಲಿಗೇ ತಿರುಗುಸ್ತಾರೆ. ಹನ್ನೆರಡೂಕಾಲು ಅಂತಾರೆ, ಆಗಲ್ಲ. ಒಂದೂವರೆ ಹಿಡ್ಕಳ್ರಿ. ಊಟ ಮಾಡೋರು ಮಾಡ್ಕಳ್ರಿ."

ಎದುರಿಗಿದ್ದ ಸೂಟು ಹಾಕಿದ ಒಬ್ಬರು ಕಿವಿಯಿಂದ ಇಯರ್‌ಫೋನ್ ತೆಗೆದರು. ಆಮೇಲೆ ಮಾವ ಹಿಂತಿರುಗಿ ನೋಡಲಿಲ್ಲ. ಮಕ್ಕಳಿದ್ದವರನ್ನು ಶೌಚಾಲಯದ ಹತ್ತಿರ ಕೂರಿಸಿದರು. ಮೊಣಕಾಲು ನೋವಿನ ಅಜ್ಜಿಯನ್ನು ಗೇಟಿನ ಪಕ್ಕಕ್ಕೆ ತಂದರು. ಕಂಪನಿಯವರು ತಿಂಡಿಯ ಪೊಟ್ಟಣ ಕೊಟ್ಟಾಗ ಸಾಲು ಹಚ್ಚಿ, ಸಕ್ಕರೆ ಕಾಯಿಲೆಯವರನ್ನು ಮುಂದೆ ಬಿಟ್ಟರು. ಸೂಟಿನವರಿಗೆ "ನೀವು ಗಟ್ಟಿ ಇದ್ದೀರಿ, ಕಾಯ್ರಿ" ಎಂದರು. ಅವರು ನಿಜವಾಗಿಯೂ ಕಾದರು. ಒಂದು ಗಂಟೆಯ ಹೊತ್ತಿಗೆ ಯಾರೂ ಕೌಂಟರಿಗೆ ಹೋಗುತ್ತಿರಲಿಲ್ಲ, ಎಲ್ಲರೂ ಮಾವನನ್ನೇ ಕೇಳುತ್ತಿದ್ದರು. ಎರಡೂಕಾಲು ಎಂದು ಮತ್ತೆ ಮುಂದೆ ಹೋದಾಗ ಆ ಹುಡುಗಿಯೇ ಎದ್ದು ಬಂದು, "ಸರ್, ನೀವೇ ಹೇಳಿಬಿಡಿ, ನಾನು ಹೇಳಿದ್ರೆ ಬೈತಾರೆ" ಎಂದಳು. ಬೇರೆಯವರಾಗಿದ್ದರೆ ಸಂಬಳ ಕೇಳುತ್ತಿದ್ದರು. ಮಾವ ಬಾಟಲಿ ನೀರು ಕುಡಿದು ಗಂಟಲು ಸರಿಮಾಡಿಕೊಂಡರು.

ನನಗೆ ಮಾತ್ರ ಮೈಯೆಲ್ಲ ಉರಿ. ಕೂತು ಗಂಟೆ ಎಣಿಸುತ್ತಿದ್ದವಳು ನಾನೊಬ್ಬಳೇ. ನಾಲ್ಕು ತಾಸಿನ ಭೇಟಿ ಎರಡೂವರೆಗೆ ಇಳಿಯಿತು, ಆಮೇಲೆ ಒಂದಕ್ಕೆ, ಆಮೇಲೆ ಅರ್ಧಕ್ಕೆ. ತಂಗಿಯನ್ನು ನೋಡಲು ಹೊರಟ ಮನುಷ್ಯ ಊರವರ ತಿಂಡಿಯ ಸಾಲು ನೋಡಿಕೊಳ್ಳುತ್ತಾ ನಿಂತಿದ್ದರೆ ಯಾರಿಗೆ ತಾನೇ ತಾಳ್ಮೆ ಉಳಿಯುತ್ತದೆ? ಇವರಿಗೆ ಅವಳ ಚಿಂತೆಯೇ ಇಲ್ಲ, ವಿಮಾನ ಹತ್ತಿದೆ ಎಂದು ಬಸ್ ನಿಲ್ದಾಣದಲ್ಲಿ ಹೇಳಿಕೊಳ್ಳಲು ಹೊರಟಿದ್ದಾರೆ ಎಂದು ಮನಸ್ಸಿನಲ್ಲೇ ಬೈದೆ. ಒಂದೆರಡು ಸಲ ಬಾಯಿಬಿಟ್ಟೂ ಬೈದೆ.

"ಮಾವ, ಅವಳು ರೈಲು ಹತ್ತಿ ಹೋಗ್ತಾಳೆ. ಈಗಾದ್ರೂ ಒಂದು ಫೋನ್ ಮಾಡಿ ಮಾರಾಯ್ರೆ."

"ತಡಿ, ಸಾಹೇಬ್ರನ್ನ ಮಾತಾಡಿಸಿ ಬರ್ತೀನಿ."

ಸಾಹೇಬರೆಂದರೆ ಶಿರಾಳಕೊಪ್ಪದ ಬಟ್ಟೆ ವ್ಯಾಪಾರಿ, ಮಾವನ ಬಸ್ಸುಗಳಲ್ಲಿ ಮೂವತ್ತು ವರ್ಷ ಓಡಾಡಿದವರು. ಸರಕು ತರಲು ಹೈದರಾಬಾದಿಗೆ ಹೊರಟಿದ್ದರು. ನಾನು ಫೋನ್ ಕೊಡಲು ಹಿಂದೆಯೇ ಹೋದೆ. ಮಾವ ಅವರ ಪಕ್ಕ ಕೂತು, ನನಗೆ ಗೊತ್ತೇ ಇಲ್ಲದ ಒಂದು ಸಣ್ಣ ಧ್ವನಿಯಲ್ಲಿ ಕೇಳುತ್ತಿದ್ದರು.

"ಸಾಹೇಬ್ರೆ, ಒಂಬತ್ತು ವರ್ಷ ಮಾತು ಬಿಟ್ಟ ತಂಗಿ ಮನೆಗೆ ಹೋದ್ರೆ ಮೊದ್ಲು ಏನ್ ಅನ್ಬೇಕು?"

"ತಪ್ಪಾಯ್ತು ಅನ್ನಿ ಏಜೆಂಟ್ರೆ."

"ತಪ್ಪು ನಂದಲ್ಲ."

"ಹಂಗಾದ್ರೆ ಹಸಿವಾಗಿದೆ ಅನ್ನಿ. ಹಸಿವಾದ್ರೂ ನಿಮ್ದೇ ತಾನೆ?"

ಆಮೇಲೆ ಗೊತ್ತಾಯಿತು, ಇದೇ ಪ್ರಶ್ನೆಯನ್ನು ಅವರು ಬೆಳಗಿನಿಂದ ಇಡೀ ನಿಲ್ದಾಣದಲ್ಲಿ ಕೇಳಿಕೊಂಡು ಬಂದಿದ್ದರು. ಮೊಣಕಾಲಿನ ಅಜ್ಜಿ, "ಏನೂ ಅನ್ಬೇಡ, ಅತ್ತುಬಿಡು" ಎಂದಿದ್ದಳಂತೆ. ಸೂಟಿನವರು ಮೊದಲು ಒಂದು ಮೆಸೇಜು ಹಾಕಿ ನೋಡಿ ಎಂದು ಸಲಹೆ ಕೊಟ್ಟಿದ್ದರಂತೆ. ಅವರನ್ನು ತಿಂಡಿಯ ಸಾಲಿನಲ್ಲಿ ಕಾಯಿಸಿದ್ದು ಯಾಕೆಂದು ನನಗೆ ಆಗ ತಿಳಿಯಿತು.

ಎರಡೂಕಾಲಕ್ಕೆ ವಿಮಾನ ಬಂತು. ಎರಡೂಮುಕ್ಕಾಲಕ್ಕೆ ಬಾಗಿಲು ತೆರೆಯಿತು. ಮಾವ ಗೇಟಿನಲ್ಲಿ ನಿಂತು ಅಜ್ಜಿಯನ್ನು ಮೊದಲು ಬಿಟ್ಟು, ಮಕ್ಕಳನ್ನು ಬಿಟ್ಟು, ನನ್ನನ್ನೂ ತಳ್ಳಿದರು. "ನಡಿ, ಮುಂದೆ ಜಾಗ ಐತಿ." ನಾನು ನಡೆದು ಹೋಗಿ, ಮೆಟ್ಟಿಲು ಹತ್ತಿ, ಸೀಟಿನಲ್ಲಿ ಕೂತೆ. ಎಲ್ಲರೂ ಬಂದರು, ಸಾಹೇಬರೂ ಬಂದರು. ನನ್ನ ಪಕ್ಕದ ಸೀಟು ಮಾತ್ರ ಖಾಲಿ.

ಕಿಟಕಿಯಿಂದ ನೋಡಿದರೆ ಮಾವ ಕೆಳಗೆ ಮೆಟ್ಟಿಲ ಬುಡದಲ್ಲಿ ನಿಂತಿದ್ದಾರೆ. ಕೊನೆಯವನನ್ನು ಹತ್ತಿಸಿದರು. ಮೆಟ್ಟಿಲ ಕಂಬಿಗೆ ಎರಡು ಸಲ ತಟ್ಟಿದರು. ತಿರುಗಿ, ಹೆಗಲ ಟವೆಲ್ ಸರಿಮಾಡಿಕೊಂಡು ಕಟ್ಟಡದ ಕಡೆ ನಡೆದೇಬಿಟ್ಟರು!

ನಾನು ಕೂಗಿದ್ದು ಆ ಗಾಜಿನಾಚೆ ಅವರಿಗೆ ಹೇಗೆ ಕೇಳಬೇಕು? ಗಗನಸಖಿ ಓಡಿದಳು, ಕೆಳಗಿದ್ದ ಹಳದಿ ಅಂಗಿಯ ಹುಡುಗರು ಓಡಿದರು. ವಿಮಾನದ ಇತಿಹಾಸದಲ್ಲಿ ಪ್ರಯಾಣಿಕರನ್ನು ಹತ್ತಿಸಿ ಮನೆಗೆ ಹೊರಟ ಪ್ರಯಾಣಿಕ ಇವರೊಬ್ಬರೇ ಇರಬೇಕು. ಕರೆತಂದು ಕೂರಿಸಿದಾಗ ವಿಮಾನದಲ್ಲಿದ್ದವರೆಲ್ಲ ಚಪ್ಪಾಳೆ ಹೊಡೆದರು.

"ಎಂತ ಮಾಡಿದ್ರಿ ಮಾವ?"

"ಅಭ್ಯಾಸ ಬಲ ಕಣೆ. ಬಿಟ್ಟ ಗಾಡಿ ನಾನು ಯಾವತ್ತು ಹತ್ತೀನಿ?"

ಬೆಲ್ಟು ಹಾಕಿಕೊಳ್ಳಲು ಅವರಿಗೆ ಆಗಲಿಲ್ಲ. ಕೊಂಡಿಯನ್ನು ಮೂರು ಸಲ ತಪ್ಪು ಕಡೆಯಿಂದ ತುರುಕಿದರು. ನಾನೇ ಹಾಕಿದೆ. ವಾಪಸ್ ಹೊರಟಿದ್ದು ಅಭ್ಯಾಸವೋ ಭಯವೋ ನಾನು ಕೇಳಲಿಲ್ಲ. ಆದರೆ ಅರ್ಧ ದಿನ ಬೈದದ್ದು ಸಾಕೆನಿಸಿತು.

ಟ್ಯಾಕ್ಸಿ ಚಿಕ್ಕಮ್ಮನ ಬೀದಿಗೆ ತಿರುಗಿದಾಗ ಐದೂವರೆ. ಅವಳು ಗೇಟಿಗೆ ಬೀಗ ಹಾಕುತ್ತಿದ್ದಳು. ಪಕ್ಕದಲ್ಲಿ ಆಟೋ, ನೆಲದ ಮೇಲೆ ದೊಡ್ಡ ಸೂಟ್‌ಕೇಸು, ಹಪ್ಪಳ ಸಂಡಿಗೆಯ ಡಬ್ಬಗಳು. ನಮ್ಮನ್ನು ನೋಡಿ ಬೀಗದ ಮೇಲಿನ ಕೈ ಹಾಗೇ ನಿಂತಿತು. ಮಾವ ಅವಳಿಂದ ನಾಲ್ಕು ಮಾರು ದೂರದಲ್ಲಿ ನಿಂತರು. ನಾನು ಎಂದಿನ ಟಪಾಲಿಗೆ ತಯಾರಾಗಿ ನಡುವೆ ನಿಂತೆ. ಚಿಕ್ಕಮ್ಮ ನನ್ನನ್ನು ದಾಟಿ ನೋಡಿದಳು.

"ಕರೆದಿದ್ನಾ ನಾನು?"

"ಇಲ್ಲ" ಎಂದರು ಮಾವ. "ಹಂಗೇ ಬಂದೆ."

ವಿಮಾನ ನಿಲ್ದಾಣದಲ್ಲಿ ಸಂಗ್ರಹಿಸಿದ ಒಂದು ಮಾತೂ ಹೊರಗೆ ಬರಲಿಲ್ಲ. ಚಿಕ್ಕಮ್ಮ ಆಟೋದವನನ್ನು ನೋಡಿದಳು. "ರೈಲಿಗೆ ಟೈಮಾಯ್ತು" ಎಂದಳು. ಅಷ್ಟು ಸಾಕಾಯಿತು. ಮಾವ ಸೂಟ್‌ಕೇಸ್ ಎತ್ತಿ ಆಟೋದ ಹಿಂದೆ ತುರುಕಿದರು, ಡಬ್ಬಗಳನ್ನು ನನ್ನ ತೊಡೆಯ ಮೇಲೆ ಹೇರಿದರು, ತಂಗಿಗೆ "ಹತ್ತವ್ವಾ, ಹತ್ತು" ಎಂದರು. ಈ ಸಲ ತಾವೂ ಹತ್ತಿದರು.

ಆಟೋದಲ್ಲಿ ಅವರಿಬ್ಬರ ನಡುವೆ ನಾನು, ನನ್ನ ಮೇಲೆ ಹಪ್ಪಳ. ಸ್ಟೇಷನ್ನಿನಲ್ಲಿ ಮಾವ ಅವಳ ಬೋಗಿ ಹುಡುಕಿ, ಸೀಟು ಹುಡುಕಿ, ಅಲ್ಲಿ ಕೂತಿದ್ದವನನ್ನು ಎಬ್ಬಿಸಿ, ಸಾಮಾನು ಸೀಟಿನ ಕೆಳಗೆ ಇಟ್ಟು ಕೆಳಗಿಳಿದರು. ಆಮೇಲೆ ಅವರಿಬ್ಬರೂ ಮತ್ತೆ ಭೇಟಿಯಾಗಲಿಲ್ಲ. ಅವಳು ನಾಗಪುರದಲ್ಲಿ ಬಾಣಂತನ ಮುಗಿಸುವ ಮೊದಲೇ ಮಾವನ ಹೃದಯ ನಿಂತಿತು. ಆದರೆ ಆ ಸಂಜೆ ಅದು ಯಾರಿಗೆ ಗೊತ್ತಿತ್ತು? ಹಾಗಾಗಿ ಚಿಕ್ಕಮ್ಮ ಕಿಟಕಿಯ ಸರಳಿನ ಸಂದಿಯಿಂದ ಕೀಲಿಗೊಂಚಲು ಕೊಟ್ಟು, ಕೊನೆಯ ಮಾತು ಎನ್ನುವಂಥದ್ದೇನೂ ಆಡದೆ ಗ್ಯಾಸಿನ ವಿಷಯ ಹೇಳಿದಳು.

"ರಾತ್ರಿ ಎಲ್ಲಿ ಇರ್ತೀರಾ, ಮನೆಗೇ ಹೋಗಿ ಅಣ್ಣ. ಅಕ್ಕಿ ನೀಲಿ ಡಬ್ಬದಲ್ಲಿದೆ. ಸಿಲಿಂಡರ್ ಆಫ್ ಮಾಡಿದೀನಿ, ಹಚ್ಕೊಳ್ಳಿ. ಕೀಲಿ ನಾಳೆ ಪಕ್ಕದ ಮನೇಲಿ ಕೊಟ್ಬಿಡಿ."

"ಹೂಂ" ಎಂದರು ಮಾವ. ರೈಲು ಹೊರಟಿತು.

ಹೀಗೆ ಆ ವಾರಾಂತ್ಯವನ್ನು ನಾವು ಮನೆಯವರಿಲ್ಲದ ಮನೆಯಲ್ಲಿ ಕಳೆದೆವು. ಹೈದರಾಬಾದಿಗೆ ಹೋದವರು ಕೋಟೆ ನೋಡುತ್ತಾರೆ, ಬಿರಿಯಾನಿ ತಿನ್ನುತ್ತಾರೆ. ಮಾವ ಮನೆ ನೋಡಿದರು. ಕೋಣೆ ಕೋಣೆಗೂ ಹೋಗಿ ದೀಪ ಹಾಕಿ ನೋಡಿದರು. ಗೋಡೆಗೆ ಬೆರಳಿನಿಂದ ತಟ್ಟಿದರು. ಬಾಗಿಲು ಹಾಕಿ ತೆಗೆದರು. "ಚೌಕಟ್ಟು ಸ್ವಲ್ಪ ವಾಲೈತಿ" ಎಂದು ಒಂದು ದೋಷ ಹುಡುಕಿ ಸಮಾಧಾನಪಟ್ಟರು. ಅನ್ನ, ಅವಳ ಉಪ್ಪಿನಕಾಯಿ, ಇಷ್ಟೇ ಊಟ. ನಾನು ಮಲಗಿದ ಮೇಲೂ ಅವರು ನಡುಮನೆಯಲ್ಲಿ ಓಡಾಡುವ ಸಪ್ಪಳ ಕೇಳುತ್ತಿತ್ತು.

ಬೆಳಿಗ್ಗೆ ಏನೋ ಸುಟ್ಟ ವಾಸನೆಗೆ ಎಚ್ಚರವಾಗಿ ಅಡುಗೆಮನೆಗೆ ಓಡಿದೆ. ಮಾವ ಸ್ನಾನ ಮಾಡಿ, ಒದ್ದೆ ತಲೆಯಲ್ಲೇ ಒಲೆಯ ಮುಂದೆ ನಿಂತಿದ್ದರು. ಕಟ್ಟೆಯ ಮೇಲೆ ಖಾಲಿ ಹಾಲಿನ ಪ್ಯಾಕೆಟ್. ಪಾತ್ರೆಯಲ್ಲಿ ಹಾಲು ಅಂಚು ದಾಟಿ, ನೊರೆನೊರೆಯಾಗಿ ಒಲೆಯ ಮೇಲೆಲ್ಲ ಇಳಿಯುತ್ತಿತ್ತು. ಮುಂದೆ ಒಂದು ಊದಿನಕಡ್ಡಿ ಹಚ್ಚಿಟ್ಟಿದ್ದರು.

"ಮಾವ, ಹಾಲು ಉಕ್ತಾ ಇದೆ" ಎಂದು ಗ್ಯಾಸ್ ಆರಿಸಲು ಕೈ ಚಾಚಿದೆ.

ಅವರು ನನ್ನ ಕೈ ಹಿಡಿದರು. ಒಲೆಯಿಂದ ಕಣ್ಣು ತೆಗೆಯಲಿಲ್ಲ.

"ಉಕ್ಕಲಿ ಬಿಡು" ಎಂದರು.